ಚಿಮಣಿ ಬುಡದಲ್ಲಿ ಅಳೆದರೆ ಏನು ಸಿಗುತ್ತೆ?

ಜರ್ಮನಿಯಲ್ಲಿ ಏರೋಸಾಲ್ ವಿಜ್ಞಾನಿಗಳ ಸಂಘವೊಂದಿದೆ. ಗೆಸೆಲ್‌ಶಾಫ್ಟ್ ಫ್ಯೂರ್ ಏರೋಸೋಲ್‌ಫೋರ್ಶುಂಗ್ ಅಂತ ಹೆಸರು, ಒಂದೇ ಉಸಿರಿಗೆ ಹೇಳೋದು ಕಷ್ಟ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳ ಬಗ್ಗೆ ಕೆಲಸ ಮಾಡುವ ಯುವ ಸಂಶೋಧಕರಿಗೆ ಈ ಸಂಘ ಸ್ಮೊಲುಚೋವ್‌ಸ್ಕಿ ಪ್ರಶಸ್ತಿ ಅನ್ನೋ ಅಂತರರಾಷ್ಟ್ರೀಯ ಗೌರವ ಕೊಡುತ್ತದೆ. ನಮ್ಮ ಟಿವಿಗಳಿಗೆ ಇದು ಸುದ್ದಿಯಲ್ಲ, ಬಿಡಿ. ಆದರೆ ಆ ಪ್ರಶಸ್ತಿ ಯಾರ ಹೆಸರಲ್ಲಿದೆಯೋ ಆ ಮನುಷ್ಯನ ಲೆಕ್ಕ ಒಂಚೂರು ಗೊತ್ತಿದ್ದರೆ ಸಾಕು, ನಮ್ಮ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಹೊರಡಿಸಿದ ಅಧಿಸೂಚನೆಯ ತೊಡಕು ಎಲ್ಲಿದೆ ಅಂತ ಹಿಡಿಯಬಹುದು.

ಕಲ್ಲಿದ್ದಲು ಸುಟ್ಟರೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಅದನ್ನು ಹೊಗೆಯಿಂದ ತೆಗೆಯುವ ಘಟಕಕ್ಕೆ ಎಫ್‌ಜಿಡಿ ಅಂತಾರೆ. 2015ರಲ್ಲಿ ಸರ್ಕಾರವೇ ಸಲ್ಫರ್ ಡೈಆಕ್ಸೈಡ್‌ಗೆ ಮಿತಿ ಹಾಕಿತು. ಅದನ್ನು ಪಾಲಿಸಬೇಕಾದರೆ ಬಹುತೇಕ ಉಷ್ಣ ವಿದ್ಯುತ್ ಸ್ಥಾವರಗಳು ಎಫ್‌ಜಿಡಿ ಕೂರಿಸಲೇಬೇಕಿತ್ತು. ಗಡುವು ಇದ್ದದ್ದು 2017ಕ್ಕೆ. ಅದು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ 2025ರಲ್ಲಿ ಶೇ. 78ರಷ್ಟು ಘಟಕಗಳಿಗೆ ವಿನಾಯಿತಿಯೇ ಸಿಕ್ಕಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದಿಂದ ಅಥವಾ ದೆಹಲಿ ವಲಯದಿಂದ 10 ಕಿ.ಮೀ. ಒಳಗಿರುವ ಘಟಕಗಳಿಗೆ ಮಾತ್ರ ಎಫ್‌ಜಿಡಿ ಕಡ್ಡಾಯ. ತೀವ್ರ ಮಾಲಿನ್ಯದ ಪ್ರದೇಶಗಳಲ್ಲಿ ಇರುವವನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರಂತೆ. ಸರ್ಕಾರದ ವಾದ: ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಮ್ಮಿ, ನಗರಗಳ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ, ಖರ್ಚು ವಿಪರೀತ. ಇದಕ್ಕೆ ಆಧಾರವಾಗಿ ತೋರಿಸಿದ ಅಧ್ಯಯನಗಳಲ್ಲಿ ಬೆಂಗಳೂರಿನ ಎನ್‌ಐಎಎಸ್ ಸಂಸ್ಥೆಯದೂ ಒಂದು.

ಖರ್ಚಿನ ಮಾತು ಸುಳ್ಳಲ್ಲ, ಅದು ಕೊನೆಗೆ ನಮ್ಮ ಕರೆಂಟ್ ಬಿಲ್ಲಿಗೇ ಬರೋದು. ನನ್ನ ತಕರಾರು ಎರಡನೇ ಮಾತಿನ ಬಗ್ಗೆ.

ಮರಿಯನ್ ಸ್ಮೊಲುಚೋವ್‌ಸ್ಕಿ ಪೋಲಿಷ್ ಭೌತವಿಜ್ಞಾನಿ. ದ್ರವದಲ್ಲಿ ಸಣ್ಣ ಕಣಗಳು ಯಾಕೆ ಸುಮ್ಮನಿರದೆ ಚಡಪಡಿಸುತ್ತವೆ ಅನ್ನುವುದನ್ನು ಐನ್‌ಸ್ಟೈನ್ ವಿವರಿಸಿದ ಆಸುಪಾಸಿನಲ್ಲೇ, 1906ರಲ್ಲಿ, ಈತ ತನ್ನದೇ ದಾರಿಯಲ್ಲಿ ವಿವರಿಸಿದ. ಆಗ ವಯಸ್ಸು 34. ಹತ್ತು ವರ್ಷದ ನಂತರ ಇನ್ನೊಂದು ಪ್ರಶ್ನೆ ಎತ್ತಿಕೊಂಡ: ಚಡಪಡಿಸುವ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟಿಕೊಂಡರೆ ಎಷ್ಟು ಬೇಗ ದೊಡ್ಡದಾಗುತ್ತವೆ? ಆ ಸಮೀಕರಣವೇ ಇವತ್ತಿನ ಏರೋಸಾಲ್ ವಿಜ್ಞಾನದ ತಳಪಾಯಗಳಲ್ಲೊಂದು. 1917ರಲ್ಲಿ, 45ನೇ ವಯಸ್ಸಿಗೆ, ಆಮಶಂಕೆಯಿಂದ ತೀರಿಕೊಂಡ.

ಎಂಜಿನಿಯರಿಂಗ್‌ನಲ್ಲಿ ನಾನು ಓದಿದ್ದು ದೂಳು ಹೇಗೆ ಕೆಳಗೆ ಬೀಳುತ್ತದೆ ಅನ್ನುವ ಒಂದು ಸೂತ್ರ ಮಾತ್ರ, ಅದೂ ಪರೀಕ್ಷೆಗೆ. ಅಸಲಿ ಕತೆ ಇರುವುದು ಬೀಳದ ದೂಳಿನಲ್ಲಿ. ದಪ್ಪ ಕಣಗಳು ಗಂಟೆಗಳಲ್ಲಿ ನೆಲ ಸೇರುತ್ತವೆ. ತೀರಾ ಸಣ್ಣವು ಸ್ಮೊಲುಚೋವ್‌ಸ್ಕಿ ಹೇಳಿದಂತೆ ಬೇಗ ಅಂಟಿಕೊಂಡು ಬೆಳೆಯುತ್ತವೆ. ಆದರೆ ಸುಮಾರು 0.1ರಿಂದ 1 ಮೈಕ್ರಾನ್ ಗಾತ್ರಕ್ಕೆ ಬಂದವು ಬೀಳುವಷ್ಟು ಭಾರ ಇರಲ್ಲ, ಬೇಗ ಅಂಟುವಷ್ಟು ಚುರುಕೂ ಇರಲ್ಲ. ಮಳೆ ಬರದಿದ್ದರೆ ಒಂದು ವಾರದವರೆಗೂ ತೇಲುತ್ತವೆ. ಪಿಎಂ 2.5 ಅಂತ ನಾವು ಆ್ಯಪ್‌ನಲ್ಲಿ ನೋಡುವ ಸಂಖ್ಯೆಯೊಳಗೆ ಶ್ವಾಸಕೋಶದ ಆಳಕ್ಕೆ ಇಳಿಯುವ ಈ ಕಣಗಳೂ ಸೇರಿವೆ.

ಈಗ ಚಿಮಣಿಗೆ ಬನ್ನಿ. ಇನ್ನೂರು ಮೀಟರಿಗೂ ಎತ್ತರದ ಚಿಮಣಿ ಕಟ್ಟುವುದೇ ಅನಿಲ ಬುಡದಲ್ಲಿ ಬೀಳದಿರಲಿ ಅಂತ. ಮೇಲೆ ಹೋದ ಸಲ್ಫರ್ ಡೈಆಕ್ಸೈಡ್ ಗಾಳಿಯ ಜೊತೆ ಸಾಗುತ್ತಾ ಸಲ್ಫೇಟ್ ಆಗುತ್ತದೆ. ಹೊಲಕ್ಕೆ ಹಾಕಿದ ಯೂರಿಯಾದಿಂದ, ದನದ ಗಂಜಲದಿಂದ ಎದ್ದ ಅಮೋನಿಯಾ ಸೇರಿ ಅಮೋನಿಯಂ ಸಲ್ಫೇಟ್ ಕಣ ಹುಟ್ಟುತ್ತದೆ. ಅಷ್ಟರಲ್ಲಿ ಅದು ನೂರಾರು ಕಿಲೋಮೀಟರ್ ಆಚೆ ಇರಬಹುದು. ಹಾಗಿರುವಾಗ ಅನಿಲವನ್ನಷ್ಟೇ ಅಳೆದು ‘ಮಿತಿಯೊಳಗಿದೆ’ ಅನ್ನೋದು, ಹಾಲು ಮೊಸರಾದ ಮೇಲೆ ಹಾಲಿನ ಪಾತ್ರೆಯಲ್ಲಿ ಹಾಲೇ ಇಲ್ಲ ಅಂದಹಾಗೆ. 10 ಕಿ.ಮೀ. ಗೆರೆಯಂತೂ ನಗರದ ನಕ್ಷೆ ನೋಡಿ ಎಳೆದದ್ದು. ರಾಯಚೂರಿನ ಶಕ್ತಿನಗರದ ಹೊಗೆಗೆ ಆ ಗೆರೆ ಕಾಣುತ್ತಾ?

ಸಚಿವಾಲಯ ಇದಕ್ಕೂ ಉತ್ತರ ಕೊಟ್ಟಿದೆ. ಪಿಎಂ 2.5ರಲ್ಲಿ ಕಲ್ಲಿದ್ದಲಿನ ಗಂಧಕದ ಪಾಲು ಸಣ್ಣದು ಅನ್ನುತ್ತದೆ. ಸ್ವತಂತ್ರ ಸಂಶೋಧಕರು ಒಪ್ಪುವುದಿಲ್ಲ. ಈ ಜಗಳ ಬಗೆಹರಿಯಬೇಕಾದರೆ ಕಣ ಯಾವುದರಿಂದ ಆಗಿದೆ ಅಂತ ಊರೂರಲ್ಲಿ, ವರ್ಷಗಟ್ಟಲೆ ಅಳೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರಗಳು ಸಾಮಾನ್ಯವಾಗಿ ಹೇಳುವುದು ಕಣದ ಒಟ್ಟು ತೂಕ ಎಷ್ಟು ಅಂತ, ಒಳಗೆ ಏನಿದೆ ಅಂತಲ್ಲ. ಒಳಗೇನಿದೆ ಅಂತ ನೋಡುವ ಕೆಲಸಕ್ಕೆ ಇದೇ ಸಚಿವಾಲಯದ ದುಡ್ಡಲ್ಲಿ ‘ಕೊಯೆಲೆಸ್’ ಅನ್ನುವ ಜಾಲ ನಡೆದಿದೆ. ಐಐಟಿ ಬಾಂಬೆ ಅದರ ನೇತೃತ್ವ ವಹಿಸಿದೆ, ಮೈಸೂರಿನಲ್ಲೂ ಅದರದೊಂದು ಕೇಂದ್ರವಿದೆ. ಅಂಥ ಜಾಲದ ಅಂಕಿಗಳನ್ನು ಮುಂದಿಟ್ಟುಕೊಂಡು, ಸಾರ್ವಜನಿಕ ಚರ್ಚೆ ಮಾಡಿ ವಿನಾಯಿತಿ ತೀರ್ಮಾನಿಸಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ದುಡ್ಡು ಹೋಗುವ ದಾರಿಯನ್ನೂ ನೋಡಿ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಖರ್ಚಿನಲ್ಲಿ ಶೇ. 64ರಷ್ಟು ರಸ್ತೆ ದೂಳಿಗೆ ಹೋಗಿದೆ, ಕೈಗಾರಿಕೆಗಳ ಮಾಲಿನ್ಯಕ್ಕೆ ಶೇ. 1 ಕೂಡ ಇಲ್ಲ ಅಂತ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಕೊಟ್ಟಿತು. ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ ಫೋಟೋಗೆ ಸಿಗುತ್ತವೆ. ಸಲ್ಫೇಟ್ ಸಿಗಲ್ಲ.

ಇನ್ನು ಆ ಅಳತೆ ಮಾಡುವವರು ಯಾರು? ಹೆಚ್ಚಿನವರು ಇಪ್ಪತ್ತೈದು, ಮೂವತ್ತರ ಪಿಎಚ್‌ಡಿ ಹುಡುಗ ಹುಡುಗಿಯರು. ಚಾವಣಿ ಹತ್ತಿ ಫಿಲ್ಟರ್ ಬದಲಿಸಿ, ತೂಗಿ, ತೊಳೆದು ಲ್ಯಾಬಿಗೆ ಹಾಕುವವರು. ಜೆಆರ್‌ಎಫ್ 31,000ದಿಂದ 37,000 ರೂಪಾಯಿಗೆ ಏರಿದ್ದು 2023ರಲ್ಲಿ, ಅದೂ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ. ಆ ದುಡ್ಡೂ ತಿಂಗಳು ತಿಂಗಳು ಬರುತ್ತೆ ಅಂತೇನಿಲ್ಲ. ಅವರಲ್ಲೊಬ್ಬರಿಗೆ ನಾಳೆ ಸ್ಮೊಲುಚೋವ್‌ಸ್ಕಿ ಪ್ರಶಸ್ತಿ ಬಂದರೆ ಅಭಿನಂದನೆಯ ಟ್ವೀಟ್ ಮಾಡುವ ಸಚಿವಾಲಯ, ಅವರು ತೂಗಿದ ಫಿಲ್ಟರಿನ ಅಂಕಿಯನ್ನು ಎಫ್‌ಜಿಡಿ ಕಡತಕ್ಕೆ ಸೇರಿಸಿಕೊಳ್ಳಲಿ. ಉಷ್ಣ ಸ್ಥಾವರಗಳ ಗಾಳಿ ಬೀಸುವ ದಿಕ್ಕಿನಲ್ಲಿ 50, 100, 200 ಕಿ.ಮೀ. ದೂರದ ಸಲ್ಫೇಟ್ ಪ್ರಮಾಣವನ್ನು ಪ್ರತಿ ವರ್ಷ ಪ್ರಕಟಿಸಲಿ. ವಿನಾಯಿತಿ ಸರಿಯೋ ತಪ್ಪೋ ಆಮೇಲೆ ಮಾತಾಡೋಣ.