ತಾತನ ಕಾಲದ ಪಿಸ್ತೂಲು: ಕಾನೂನಿನ ಕಣ್ಣಿಗೆ ಬರೀ ಆಯುಧ, ಇತಿಹಾಸದ ಲೆಕ್ಕ ಇಡುವವರು ಯಾರು?

ಇಂದೋರ್‌ನಲ್ಲಿರುವ ಗಡಿ ಭದ್ರತಾ ಪಡೆಯ ಶಸ್ತ್ರ ತರಬೇತಿ ಶಾಲೆಯ ಮ್ಯೂಸಿಯಂನಲ್ಲಿ .32 ಬೋರ್‌ನ ಕೋಲ್ಟ್ ಪಿಸ್ತೂಲೊಂದು ದಶಕಗಳ ಕಾಲ ಇತರ ಹಳೆಯ ಆಯುಧಗಳ ನಡುವೆ ಸುಮ್ಮನೆ ಬಿದ್ದಿತ್ತು. ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಬಣ್ಣವನ್ನು ಕೆರೆದು ನೋಡಿದಾಗ ಕಂಡ ಸಂಖ್ಯೆ 168896. 1928ರ ಡಿಸೆಂಬರ್ 17ರಂದು ಲಾಹೋರ್‌ನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಗೆ ಭಗತ್ ಸಿಂಗ್ ಬಳಸಿದ ಪಿಸ್ತೂಲಿನ ಸಂಖ್ಯೆಯೂ ಅದೇ. 2017ರಲ್ಲಿ ಆ ಪಿಸ್ತೂಲು ಪಂಜಾಬ್‌ನ ಹುಸೇನಿವಾಲಾಕ್ಕೆ ಹೋಯಿತು.

ಸರ್ಕಾರದ್ದೇ ಮ್ಯೂಸಿಯಂನಲ್ಲಿದ್ದ ವಸ್ತುವಿನ ಗತಿ ಇದಾದರೆ, ಖಾಸಗಿ ಮನೆಗಳ ಕಪಾಟಿನಲ್ಲಿ, ಪೊಲೀಸ್ ಠಾಣೆಗಳ ಮಾಲ್‌ಖಾನೆಯಲ್ಲಿ, ಗನ್ ಡೀಲರ್‌ಗಳ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವ ಹಳೆಯ ಪಿಸ್ತೂಲುಗಳ ಕತೆ ಏನು? 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಈ ಪ್ರಶ್ನೆಗೆ ಹೆಚ್ಚು ತೂಕ ಬಂದಿದೆ.

ಸಂಗ್ರಾಹಕರ ಲೋಕದಲ್ಲಿ ಆರಂಭಿಕ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳಿಗೆ ಬೇರೆಯದೇ ಗೌರವ. ಗುಂಡು ಹಾರಿದಾಗಿನ ಒತ್ತಡವನ್ನೇ ಬಳಸಿಕೊಂಡು ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ತಾನೇ ತುಂಬಿಕೊಳ್ಳುವ ಈ ಯಂತ್ರಗಳು ಮಾರುಕಟ್ಟೆಗೆ ಬಂದದ್ದು 1890ರ ದಶಕದಲ್ಲಿ. 1893ರ ಬೋರ್ಕಾರ್ಟ್, 1896ರ ಮೌಸರ್, 1900ರ ಹೊತ್ತಿಗೆ ಲ್ಯೂಗರ್, ಅದೇ ಕಾಲಕ್ಕೆ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್. ಹತ್ತು ವರ್ಷಗಳೊಳಗೆ ಇಷ್ಟೆಲ್ಲ. ಯಾವ ವಿನ್ಯಾಸ ಉಳಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಪ್ರತಿ ಕಾರ್ಖಾನೆಯೂ ತನ್ನದೇ ದಾರಿ ಹುಡುಕಿತು. ಮೌಸರ್‌ನ ಮೊದಲ ವರ್ಷಗಳ ಮಾದರಿಗಳಲ್ಲಿ ಹ್ಯಾಮರ್‌ನ ಆಕಾರವೇ ಹಲವು ಬಾರಿ ಬದಲಾಗಿದೆ. ಇಂದು ಸಂಗ್ರಾಹಕ ಭೂತಗನ್ನಡಿ ಹಿಡಿದು ನೋಡುವುದು ಇಂಥ ವ್ಯತ್ಯಾಸಗಳನ್ನೇ. ಎಲ್ಲ ಭಾಗಗಳ ಸಂಖ್ಯೆ ಒಂದೇ ಆಗಿರಬೇಕು, ಮೂಲ ಬಣ್ಣ ಉಳಿದಿರಬೇಕು, ಜೊತೆಗೆ ಬಂದಿದ್ದ ಮರದ ಕವಚ ಇದ್ದರೆ ಇನ್ನೂ ಒಳ್ಳೆಯದು. ಚೆಂದ ಕಾಣಲೆಂದು ಯಾರೋ ಪಾಲಿಶ್ ಹಾಕಿಸಿದ್ದರೆ ಬೆಲೆ ನೆಲಕ್ಕೆ.

ಭಾರತಕ್ಕೂ ಮೌಸರ್‌ಗೂ ಇರುವ ನಂಟು ಆಳವಾದದ್ದು. 1914ರ ಆಗಸ್ಟ್ 26ರಂದು ಕೋಲ್ಕತ್ತದ ರೋಡಾ ಕಂಪನಿಗೆ ಬಂದಿದ್ದ 202 ಪೆಟ್ಟಿಗೆಗಳ ಪೈಕಿ 192 ಮಾತ್ರ ಗೋದಾಮು ಸೇರಿದವು. ಬಂದರಿನಿಂದ ಸರಕು ಬಿಡಿಸಿಕೊಂಡು ಬರಲು ಹೋಗಿದ್ದ ನೌಕರ ಶ್ರೀಶ್ ಚಂದ್ರ ಮಿತ್ರ ಉಳಿದ ಹತ್ತನ್ನು ಕ್ರಾಂತಿಕಾರಿಗಳಿಗೆ ತಲುಪಿಸಿ ಮಾಯವಾಗಿದ್ದರು. ಅದರಲ್ಲಿದ್ದದ್ದು 50 ಮೌಸರ್ ಪಿಸ್ತೂಲು, 46 ಸಾವಿರ ತೋಟಾ. 1918ರ ರೌಲಟ್ ಸಮಿತಿ ವರದಿಯ ಪ್ರಕಾರ 44 ಪಿಸ್ತೂಲುಗಳು ಕೂಡಲೇ ಬಂಗಾಳದ ಒಂಬತ್ತು ಗುಂಪುಗಳಿಗೆ ಹಂಚಿಕೆಯಾದವು, 54 ಪ್ರಕರಣಗಳಲ್ಲಿ ಬಳಕೆಯಾದವು. ಕಂಪನಿ ಪ್ರತಿಯೊಂದರ ಸಂಖ್ಯೆಯನ್ನೂ ಬರೆದಿಟ್ಟುಕೊಂಡಿತ್ತು. ಆದ್ದರಿಂದಲೇ ಸಿಕ್ಕ ಪಿಸ್ತೂಲು ರೋಡಾದ್ದು ಹೌದೋ ಅಲ್ಲವೋ ಎಂದು ಪೊಲೀಸರು ಹೇಳಬಲ್ಲವರಾಗಿದ್ದರು. ವರದಿಯ ಹೊತ್ತಿಗೆ 31 ಸಿಕ್ಕಿದ್ದವು.

ಇನ್ನೊಂದು ಕತೆ ಮುಂಬೈ, ಬೆಂಗಳೂರು ಎರಡಕ್ಕೂ ಸೇರಿದ್ದು. 1896ರಲ್ಲಿ ಬೆಂಗಳೂರಿನ ದಂಡಿಗೆ ಹೊರಟಿದ್ದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್, ಮುಂಬೈನ ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಇಳಿಯುವಾಗ ಭುಜ ಉಳುಕಿಸಿಕೊಂಡ. ಅದು ಮುಂದೆಂದೂ ಪೂರ್ತಿ ಸರಿಹೋಗಲಿಲ್ಲ. 1898ರ ಸೆಪ್ಟೆಂಬರ್‌ನಲ್ಲಿ ಸುಡಾನ್‌ನ ಒಮ್‌ಡುರ್ಮನ್ ಕಾಳಗದಲ್ಲಿ ಆತ ಕತ್ತಿಯ ಬದಲು ಮೌಸರ್ ಹಿಡಿದದ್ದು ಆ ಭುಜದ ಕಾರಣಕ್ಕೇ. ಇಂಥ ಕತೆಗಳಿಲ್ಲದಿದ್ದರೆ ನೂರಿಪ್ಪತ್ತು ವರ್ಷದ ಕಬ್ಬಿಣಕ್ಕೆ ಯಾರು ಬೆಲೆ ಕೊಡುತ್ತಿದ್ದರು?

ಎರಡರ ಮಿತಿ

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ವಿರೋಧ ಬಂದ ಮೇಲೆ ಎರಡಕ್ಕೆ ನಿಂತಿತು. ವಂಶಪಾರಂಪರ್ಯವಾಗಿ ಬಂದ ಬಂದೂಕುಗಳಿಗೂ ಇದೇ ಮಿತಿ. ಹೆಚ್ಚಿಗೆ ಇದ್ದದ್ದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ಡೀಲರ್‌ಗೋ ಒಪ್ಪಿಸಬೇಕೆಂದು ಕಾನೂನು ಹೇಳಿತು. ಪದಕ ಗೆಲ್ಲುವ ಶೂಟರ್‌ಗಳಿಗೆ ವಿನಾಯಿತಿ ಸಿಕ್ಕಿತು. ಸಂಗ್ರಾಹಕ ಎಂಬ ವರ್ಗಕ್ಕೆ ಅಂಥ ಹೆಚ್ಚಿನ ಮಿತಿ ಸಿಗಲಿಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ, ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಗಳು ಕಾಯ್ದೆಯ 45ನೇ ಸೆಕ್ಷನ್‌ನಡಿ ಹೊರಗುಳಿಯುತ್ತವೆ. 2020ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯ, 'ಕ್ಯೂರಿಯೊ' ವರ್ಗದ ಸಣ್ಣ ಶಸ್ತ್ರಗಳನ್ನು ಹೊಂದಲು ಪರವಾನಗಿ ಬೇಡ, ಬಳಸಲು ಮತ್ತು ಒಯ್ಯಲು ಮಾತ್ರ ಬೇಕು ಎಂದಿತು. ಕೇಳಲು ಚೆನ್ನಾಗಿದೆ. ಆದರೆ ಇದು ಕ್ಯೂರಿಯೊ, ಇದು ಅಲ್ಲ ಎಂದು ಜಿಲ್ಲಾ ಕಚೇರಿಯ ಮೇಜಿನ ಮುಂದೆ ನಿಂತು ಹೇಳುವ ತಜ್ಞರು ಎಲ್ಲಿದ್ದಾರೆ? ಇನ್ನು 45ನೇ ಸೆಕ್ಷನ್ ನೆಚ್ಚಿಕೊಂಡರೆ, ಸುಸ್ಥಿತಿಯಲ್ಲಿರುವ ಪಿಸ್ತೂಲನ್ನು ಕೈಯಾರೆ ಹಾಳುಗೆಡವಿ ಉಳಿಸಿಕೊಳ್ಳಬೇಕಾದ ಸ್ಥಿತಿ. ನಳಿಗೆಗೆ ತೂತು ಕೊರೆದ ಮೌಸರ್ ಸಂಗ್ರಾಹಕನ ಪಾಲಿಗೆ ಅರ್ಧ ಸತ್ತಂತೆ.

ಬೋರ್‌ನ ವಿಚಾರ ಇನ್ನೂ ವಿಚಿತ್ರ. ಮೌಸರ್‌ನ ಮಾಮೂಲು ಮಾದರಿ 7.63 ಮಿ.ಮೀ. ತೋಟಾದ್ದು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಗಾಗಿ 9 ಮಿ.ಮೀ.ನಲ್ಲೂ ಮಾಡಿದರು. ಗೊಂದಲ ಆಗದಿರಲೆಂದು ಹಿಡಿಯ ಮೇಲೆ ಕೆಂಪು ಬಣ್ಣದಲ್ಲಿ 9 ಎಂದು ಕೊರೆದರು, ಅದಕ್ಕೇ 'ರೆಡ್ ನೈನ್' ಎಂಬ ಹೆಸರು. ಸೇನೆ ಬಳಸುವ 9 ಮಿ.ಮೀ. ತೋಟಾ ಹಾರಿಸುವ ಪಿಸ್ತೂಲು ಭಾರತದಲ್ಲಿ ನಿಷೇಧಿತ ಬೋರ್. ಅಂದರೆ ಒಂದೇ ಕಾರ್ಖಾನೆಯ, ನೋಡಲು ಒಂದೇ ಥರದ ಎರಡು ಪಿಸ್ತೂಲುಗಳಲ್ಲಿ ಒಂದಕ್ಕೆ ಸಾಮಾನ್ಯ ಪರವಾನಗಿ ಸಾಕು. ಇನ್ನೊಂದು ಪರವಾನಗಿಯಿಲ್ಲದೆ ಅಜ್ಜನ ಟ್ರಂಕಿನಲ್ಲಿ ಸಿಕ್ಕರೆ, ಈಗಿನ ಕಾಯ್ದೆಯಡಿ 7ರಿಂದ 14 ವರ್ಷದವರೆಗಿನ ಜೈಲಿನ ಮಾತು.

ಬೆಲೆಯ ಹಿಂದೆಯೂ ಕಾನೂನಿನ ಕೈ ಇದೆ. 1980ರ ದಶಕದ ಮಧ್ಯದಿಂದ ಜನಸಾಮಾನ್ಯರಿಗೆ ಬಂದೂಕು ಆಮದು ಬಹುತೇಕ ಬಂದ್. ಹಾಗಾಗಿ ದೇಶದೊಳಗೆ ಮೊದಲೇ ಇದ್ದ ಕೋಲ್ಟ್, ವೆಬ್ಲಿ ಪಿಸ್ತೂಲುಗಳು ಕೈಯಿಂದ ಕೈಗೆ ಸುತ್ತುತ್ತಿವೆ. ಅಮೆರಿಕದಲ್ಲಿ ಕೆಲವು ನೂರು ಡಾಲರ್‌ಗೆ ಸಿಗುವ .32 ಪಿಸ್ತೂಲಿಗೆ ಇಲ್ಲಿ ಲಕ್ಷಗಟ್ಟಲೆ ಕೇಳುತ್ತಾರೆ. ಕೊಳ್ಳುವವನಿಗೆ ಬೇಕಿರುವುದು ಬಹುಪಾಲು ಇತಿಹಾಸವಲ್ಲ, ಸೊಂಟಕ್ಕೆ ಸಿಕ್ಕಿಸಲು ಫಾರಿನ್ ಮಾಲು. ಇದೇ ನಿಜವಾದ ಅಪಾಯ. ಸವೆದ ಭಾಗ ಬದಲಾಯಿಸಿ, ಹೊಸ ಪಾಲಿಶ್ ಹಾಕಿ ಬಳಸುವವರ ಕೈಯಲ್ಲಿ ಅಪರೂಪದ ಮಾದರಿಗಳು ಸದ್ದಿಲ್ಲದೆ ಹಾಳಾಗುತ್ತಿವೆ.

ಬೇರೆಡೆ ಹೇಗೆ?

ಅಮೆರಿಕದಲ್ಲಿ 1898ರ ಕೊನೆಯೊಳಗೆ ತಯಾರಾದದ್ದು ಫೆಡರಲ್ ಕಾನೂನಿನಲ್ಲಿ ಆಂಟಿಕ್. ಐವತ್ತು ವರ್ಷ ದಾಟಿದ್ದಕ್ಕೆ ಮೂರು ವರ್ಷಕ್ಕೆ 30 ಡಾಲರ್‌ನ ಸಂಗ್ರಾಹಕ ಲೈಸೆನ್ಸ್. ಆದರೆ ಬಂದೂಕು ಹಿಂಸೆಯಲ್ಲಿ ಮುಳುಗಿರುವ ಆ ದೇಶವನ್ನು ಯಾರೂ ಮಾದರಿ ಎನ್ನಲಾರರು. ನೋಡಬೇಕಾದ್ದು ಬ್ರಿಟನ್. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಒಬ್ಬ ಶಿಕ್ಷಕಿ ಹತ್ಯೆಯಾದ ಮೇಲೆ ಆ ದೇಶ ಕೈಬಂದೂಕುಗಳನ್ನೇ ಹೆಚ್ಚೂಕಡಿಮೆ ನಿಷೇಧಿಸಿತು. ಅಷ್ಟು ಕಠಿಣ ಕಾನೂನಿನಲ್ಲೂ ಎರಡು ಕಿಂಡಿ ಬಿಟ್ಟಿತು. 1919ಕ್ಕೂ ಮೊದಲಿನದಾಗಿದ್ದು ತೋಟಾ ಸುಲಭವಾಗಿ ಸಿಗದಂಥದ್ದಾದರೆ, ತೋಟಾ ಇಲ್ಲದೆ ಮನೆಯಲ್ಲಿಡಬಹುದು. ಐತಿಹಾಸಿಕ ಅಥವಾ ತಾಂತ್ರಿಕ ಮಹತ್ವದ್ದನ್ನು ಸರ್ಕಾರ ಗೊತ್ತುಪಡಿಸಿದ ಜಾಗದಲ್ಲಿ ಇರಿಸಿ, ಅಲ್ಲೇ ಬಳಸಬಹುದು. ಎರಡಕ್ಕೂ ಪೊಲೀಸರ ಪ್ರಮಾಣಪತ್ರ ಬೇಕೇ ಬೇಕು. ಸುರಕ್ಷತೆ ಮತ್ತು ಸಂಗ್ರಹ ಒಂದೇ ಕಾಯ್ದೆಯಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲಿ ಈ ಮಾತು ಬಂದರೆ ಕೊಡಗು ನೆನಪಾಗುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅದು ಒಂದು ಸಮುದಾಯದ ಕೋವಿಯ ಸಂಪ್ರದಾಯಕ್ಕೆ ಸಿಕ್ಕ ಮನ್ನಣೆ, ಪಿಸ್ತೂಲು ಸಂಗ್ರಾಹಕರಿಗೆ ಉಪಯೋಗವಿಲ್ಲ. ಆದರೂ ಬಂದೂಕನ್ನು ಅಪರಾಧದ ಕಣ್ಣಿನಿಂದಲ್ಲದೆ ಬೇರೆ ಕಣ್ಣಿನಿಂದಲೂ ನೋಡಲು ಭಾರತದ ಕಾನೂನಿಗೆ ಗೊತ್ತಿದೆ ಎಂಬುದನ್ನಂತೂ ತೋರಿಸುತ್ತದೆ.

ಪ್ರಯಾಗರಾಜ್‌ನ ಮ್ಯೂಸಿಯಂನಲ್ಲಿರುವ ಚಂದ್ರಶೇಖರ ಆಜಾದ್ ಅವರ ಕೋಲ್ಟ್ ಕೂಡ ಬ್ರಿಟಿಷ್ ಪೊಲೀಸ್ ಅಧಿಕಾರಿಯೊಬ್ಬನ ಜೊತೆ ಇಂಗ್ಲೆಂಡ್ ಸೇರಿ, 1970ರ ದಶಕದಲ್ಲಷ್ಟೇ ಮರಳಿತು. ಅದಕ್ಕೆ ಹೆಸರಿತ್ತು, ಬಂತು. ಹೆಸರಿಲ್ಲದವುಗಳಿಗೆ ಇರುವುದು ಕಬ್ಬಿಣದ ಮೇಲೆ ಕೊರೆದ ಸಂಖ್ಯೆ ಮಾತ್ರ. ಠಾಣೆಗೆ ಒಪ್ಪಿಸುವ ಮುನ್ನ ಆ ಸಂಖ್ಯೆ, ಹಳೆಯ ಪರವಾನಗಿ ಪುಸ್ತಕ, ಖರೀದಿ ರಸೀದಿಗಳ ಫೋಟೊ ತೆಗೆದಿಡಲು ವಾರಸುದಾರರಿಗೆ ಯಾರ ಅನುಮತಿಯೂ ಬೇಕಿಲ್ಲ. ಠೇವಣಿಯಾಗಿ ಬಂದು ವಾರಸುದಾರರಿಲ್ಲದೆ ಮುಟ್ಟುಗೋಲಾಗುವ ಪಿಸ್ತೂಲುಗಳನ್ನು ಕುಲುಮೆಗೆ ಹಾಕುವ ಮೊದಲು ರಾಜ್ಯದ ಪುರಾತತ್ವ ಇಲಾಖೆಯ ಒಬ್ಬರು ಬಂದು ನೋಡಲಿ ಎಂಬ ಒಂದು ಸಾಲಿನ ಸುತ್ತೋಲೆ ಹೊರಡಿಸಲು ಕಾಯ್ದೆಗೆ ಮತ್ತೊಂದು ತಿದ್ದುಪಡಿಯೂ ಬೇಕಾಗಲಾರದು.