ಬರಿಗೈಯ ಏರು
ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಕೋಟೆ ಬಾಗಿಲುಗಳನ್ನು ದಾಟಿ ಮೇಲೆ ಹೋದಂತೆ ಮೆಟ್ಟಿಲುಗಳು ಹೆಸರಿಗಷ್ಟೇ: ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳು, ಪಕ್ಕದಲ್ಲಿ ಬಿಸಿಲಿಗೆ ಕಾದ ಕಬ್ಬಿಣದ ಸರಳು. ನೀರಿನ ಬಾಟಲಿ, ಮೊಬೈಲು ಹಿಡಿದವರು ಇಲ್ಲಿ ಅವನ್ನು ಚೀಲಕ್ಕೆ ತುರುಕಲೇಬೇಕು, ಸರಳಿಗೆ ಕೈ ಬೇಕಲ್ಲ. 16ನೇ ಶತಮಾನದ ಸ್ಪೇನಿನ ಕಾರ್ಮೆಲ್ ಸಭೆಯ ಸಂತ, ಶಿಲುಬೆಯ ಯೊವಾನ್ನರು, ದೇವರ ಕಡೆಗಿನ ದಾರಿಯನ್ನು ಬೆಟ್ಟದ ನಕ್ಷೆಯಾಗಿಯೇ ಬರೆದುಕೊಟ್ಟರು. ಅದರಲ್ಲಿ ಮೂರು ದಾರಿ. ಲೋಕದ ಸುಖ ಹುಡುಕುವ ದಾರಿ ತುದಿ ಮುಟ್ಟದು ಎಂದರೆ ಯಾರೂ ಬೆರಗಾಗುವುದಿಲ್ಲ. ಪ್ರಾರ್ಥನೆಯ ಆನಂದಕ್ಕೇ ಜೋತುಬಿದ್ದ ದಾರಿಯೂ ತುದಿ ಮುಟ್ಟದು ಎನ್ನುತ್ತಾರೆ ಅವರು. ಏನನ್ನೂ ಬಯಸದ ನಡುವಿನ ಇಕ್ಕಟ್ಟು ಹಾದಿಯೊಂದೇ ಮೇಲಕ್ಕೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ಬಿಡುವುದು ಸುಲಭ; ‘ನಾನು ಬಿಟ್ಟೆ’ ಎಂಬ ಹೆಮ್ಮೆಯನ್ನು ಬಿಡುವುದೇ ಕಡಿದಾದ ಏರು.