ಕಕ್ಷಿದಾರನನ್ನು ಕೇಳದ ರಾಜಿ

ಬದುವಿನ ವ್ಯಾಜ್ಯದ ವಾಯಿದೆ ಇದ್ದ ದಿನ ಅಪ್ಪ ಉಚ್ಚಂಗಿದುರ್ಗದಿಂದ ಬೆಳಗಿನ ಬಸ್ಸು ಹಿಡೀತಾನೆ. ಹೋದ ಮಳೆಗಾಲ ಮೆಕ್ಕೆಜೋಳಕ್ಕೆ ಗೊಬ್ಬರ ಹಾಕೋದನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ. ಮಧ್ಯಾಹ್ನ ಫೋನ್ ಬಂತು. “ಇವತ್ತು ವಕೀಲ್ರು ಕಲಾಪ ಬಹಿಷ್ಕಾರ ಮಾಡ್ಯಾರಂತಪ್ಪ. ಮುಂದಿನ ವಾಯಿದೆ ಎರಡು ತಿಂಗ್ಳಿಗೆ.” ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಸರ್ವರ್ ಹತ್ತು ನಿಮಿಷ ನಿಂತರೂ ಗ್ರಾಹಕನಿಗೆ ಕಾರಣ ಬರೆದು ಕಳಿಸಬೇಕು. ಅಪ್ಪನಿಗೆ ಕಾರಣ ಹೇಳಿದ್ದು ಕೋರ್ಟಿನ ಮುಂದಿನ ಚಹಾ ಅಂಗಡಿಯವನು.

ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಅಂತ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2002ರ ಡಿಸೆಂಬರಿನಲ್ಲಿ. ನಾನಿನ್ನೂ ಆಗ ಶಾಲೆಯಲ್ಲಿದ್ದೆ.

ಸರ್ಕಾರ ಮತ್ತು ವಕೀಲರ ಸಂಘಗಳು ಕೂಡಿದರೆ ಕೆಲಸ ಆಗಲ್ಲ ಅಂತೇನಿಲ್ಲ. 2023ರ ನವೆಂಬರ್ ಕೊನೆಗೆ ಚಿಕ್ಕಮಗಳೂರಿನಲ್ಲಿ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ಮಾಡಿದರೆಂಬ ಸುದ್ದಿ ಬಂತು. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲೇ ವಕೀಲರ ರಕ್ಷಣೆಯ ಮಸೂದೆ ಪಾಸಾಯಿತು, 2024ರ ಜೂನಿನಲ್ಲಿ ಕಾನೂನು ಜಾರಿಗೂ ಬಂತು. ನನಗೆ ತಕರಾರಿಲ್ಲ. ಪೊಲೀಸರಿಗೆ ಹೆದರುವ ವಕೀಲ ಅಪ್ಪನ ಪರ ಏನು ವಾದ ಮಾಡಿಯಾನು?

ಆದರೆ 2025ರ ಫೆಬ್ರವರಿ ನೋಡಿ. ಕೇಂದ್ರ ಸರ್ಕಾರ ವಕೀಲರ ಕಾಯ್ದೆಯ ತಿದ್ದುಪಡಿಗೆ ಕರಡು ಹೊರಡಿಸಿತು. ಅದರಲ್ಲಿ 35ಎ ಅಂತ ಒಂದು ಕಲಮು, ಕಲಾಪ ಬಹಿಷ್ಕಾರಕ್ಕೆ ತಡೆ. ಜೊತೆಗೇ ಭಾರತೀಯ ವಕೀಲರ ಪರಿಷತ್ತಿಗೆ ಸರ್ಕಾರ ತನ್ನ ಸದಸ್ಯರನ್ನು ನೇಮಿಸುವ ಪ್ರಸ್ತಾಪ. ಎರಡನೆಯದನ್ನು ವಕೀಲರು ವಿರೋಧಿಸಿದ್ದು ನೂರಕ್ಕೆ ನೂರು ಸರಿ. ಸರ್ಕಾರದ ವಿರುದ್ಧ ನಿಲ್ಲಬೇಕಾದವರ ಸನ್ನದು ಸರ್ಕಾರದ ಜನರ ಕೈಗೆ ಹೋಗಬಾರದು. ಆದರೆ ವಿರೋಧಿಸಿದ್ದು ಹೇಗೆ? ದೆಹಲಿಯ ಜಿಲ್ಲಾ ಕೋರ್ಟುಗಳಲ್ಲಿ ಕೆಲಸ ನಿಲ್ಲಿಸಿ! ಹತ್ತು ದಿನ ತುಂಬುವ ಮೊದಲೇ ಸರ್ಕಾರ ಇಡೀ ಕರಡನ್ನು ವಾಪಸ್ ತಗೊಂಡಿತು. ನಮ್ಮಲ್ಲಿ ಕೋಡ್ ರಿವ್ಯೂ ಮಾಡುವಾಗ ಕೆಟ್ಟ ಸಾಲಿಗೆ ಗುರುತು ಹಾಕ್ತೀವಿ, ಫೈಲನ್ನೇ ಅಳಿಸಲ್ಲ.

ಮುಷ್ಕರ ಬಿಟ್ಟರೆ ನಮಗಿರುವ ಅಸ್ತ್ರ ಯಾವುದು ಅಂತಾನೆ ನನ್ನ ವಕೀಲ ಗೆಳೆಯ. ಸೀನಿಯರ್ ಕೈಕೆಳಗೆ ಬಸ್ ಚಾರ್ಜಿಗೂ ಸಾಲದ ದುಡ್ಡಿಗೆ ದುಡಿದವನು, ಅವನ ಸಿಟ್ಟು ಸುಳ್ಳಲ್ಲ. ಆದರೆ ಆ ಅಸ್ತ್ರ ಬೀಳೋದು ಯಾರ ಮೇಲೆ? ದೇಶದ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಅದಕ್ಕೆ ವಾಯಿದೆ ಮುಂದೆ ಹೋದರೆ ನಷ್ಟವಿಲ್ಲ, ಒಳಗೊಳಗೇ ಖುಷಿ. ಕೂಲಿ ಕಳಕೊಳ್ಳೋದು ಅಪ್ಪ.

ಹಾಗಾಗಿ ಮುಂದಿನ ಕರಡು ಬರೆಯುವಾಗ ಮಂತ್ರಿಗಳು, ಸಂಘದ ಪದಾಧಿಕಾರಿಗಳು ಕೂರುವ ಮೇಜಿನಲ್ಲಿ ಕಕ್ಷಿದಾರನಿಗೂ ಒಂದು ಕುರ್ಚಿ ಹಾಕಲಿ. ಬಹಿಷ್ಕಾರ ಇದ್ದರೆ ಹಿಂದಿನ ರಾತ್ರಿಯೇ ಅವನ ಫೋನಿಗೆ ಕನ್ನಡದಲ್ಲಿ ಮೆಸೇಜು ಹೋಗಲಿ. ಹೇಳದೆ ಕೆಲಸ ನಿಲ್ಲಿಸಿದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಸಂಘದ ನಿಧಿಯಿಂದ ಬರಲಿ. ಮೆಸೇಜಿನ ಪ್ರೋಗ್ರಾಮು ಬೇಕಿದ್ದರೆ ನಾನೇ ಬರೆದುಕೊಡ್ತೀನಿ, ಬಿಟ್ಟಿಯಾಗಿ.